ಉಪ್ಪಿನಕಾಯಿ ಭರಣಿಯ ಮಹಜರು

ನಮ್ಮೂರಿನಲ್ಲಿ ಪೊಲೀಸರು ಯಾರ ಮನೆಯಲ್ಲಿ ಏನು ಹಿಡಿದರೂ ಅಲ್ಲೇ ಕೂತು ಮಹಜರು ಬರೆಯಬೇಕು. ಏನು ಸಿಕ್ಕಿತು, ಎಲ್ಲಿ ಸಿಕ್ಕಿತು, ಎಷ್ಟು ತೂಗಿತು, ಎಲ್ಲವನ್ನೂ. ಅದನ್ನು ಕಣ್ಣಾರೆ ಕಂಡೆನೆಂದು ಊರಿನ ಮರ್ಯಾದಸ್ಥನೊಬ್ಬ ಕೆಳಗೆ ಸಹಿ ಹಾಕಬೇಕು. ಅವನಿಗೆ ಪಂಚ ಎನ್ನುತ್ತಾರೆ. ಬೇರೆ ಊರುಗಳಲ್ಲಿ ಇಬ್ಬರು ಪಂಚರು ಬೇಕಂತೆ. ನಮ್ಮಲ್ಲಿ ಇಬ್ಬರು ಮರ್ಯಾದಸ್ಥರು ಒಟ್ಟಿಗೆ ಸಿಗುವುದು ಕಷ್ಟವೆಂದು ಒಬ್ಬನಿಗೇ ಇಳಿಸಿದ್ದಾರೆ. ಆ ಒಬ್ಬ ನಾನು, ಇಸ್ತ್ರಿ ಅಂಗಡಿಯ ಮಾಚಣ್ಣ. ನನ್ನ ಮರ್ಯಾದೆಗೆ ಕಾರಣ ದೊಡ್ಡದೇನಲ್ಲ. ನನ್ನ ಅಂಗಡಿ ಸ್ಟೇಷನ್ನಿನ ಎದುರಿಗೇ ಇದೆ, ಕೂಗಿದರೆ ಕೇಳಿಸುತ್ತದೆ.

ಹಿಡಿಯುವುದು ಹೆಚ್ಚಾಗಿ ಗಾಳಿಬೇರಿನ ಪುಡಿಯನ್ನು. ಊರಾಚೆಯ ಕಲ್ಲುಗುಡ್ಡದಲ್ಲಿ ಬೆಳೆಯುವ ಬೇರು ಅದು. ಒಣಗಿಸಿ ಕುಟ್ಟಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರೆ ಕಾಲು ನೆಲದಿಂದ ಗೇಣುದ್ದ ಮೇಲೇಳುತ್ತದೆ, ಎರಡು ಗಂಟೆ ಹಾಗೇ ಇರುತ್ತದೆ. ಅಷ್ಟೇ. ನಾಲಿಗೆ ತೊದಲುವುದಿಲ್ಲ, ಹೆಂಡತಿಗೆ ಹೊಡೆಯಬೇಕು ಅನ್ನಿಸುವುದಿಲ್ಲ, ಚರಂಡಿಗೆ ಬೀಳುವ ಪ್ರಶ್ನೆಯಂತೂ ಇಲ್ಲವೇ ಇಲ್ಲ. ನಮ್ಮಜ್ಜನ ಕಾಲದಲ್ಲಿ ಮದುವೆಯಲ್ಲಿ ಎಲೆಅಡಿಕೆಯ ಜೊತೆ ಹಂಚುತ್ತಿದ್ದರಂತೆ. ಒಂದು ಸಲ ಯಾರೋ ದೊಡ್ಡ ಅಧಿಕಾರಿ ಊರಿಗೆ ಬಂದಾಗ ಜನವೆಲ್ಲ ಅವರಿಗಿಂತ ಗೇಣು ಎತ್ತರದಲ್ಲಿ ನಿಂತು ನಮಸ್ಕಾರ ಮಾಡಿದರು, ಅದಕ್ಕೇ ಸಿಟ್ಟಾಗಿ ಕಾನೂನು ತಂದರು ಎನ್ನುವವರಿದ್ದಾರೆ. ಕಾನೂನು ಬಂದಮೇಲೆ ಜನ ಹೊಂದಿಕೊಂಡರು. ತಿನ್ನುವ ಗಂಡಸರು ನೆಲ ಗುಡಿಸುವಷ್ಟು ಉದ್ದದ ಪಂಚೆ ಉಟ್ಟರು, ಚಪ್ಪಲಿ ಹೊಲಿಯುವವರು ಅಟ್ಟೆಯೊಳಗೆ ಸೀಸ ತುಂಬಿ ಕೊಟ್ಟರು. ಪೊಲೀಸರೇನು ಕಮ್ಮಿಯೇ? ಹಳೇ ಪೇಪರಿನ ಹಾಳೆ ಹಿಡಿದುಕೊಂಡು ಓಡಾಡತೊಡಗಿದರು. ಅನುಮಾನ ಬಂದವರನ್ನು ನಿಲ್ಲಿಸಿ, ಚಪ್ಪಲಿ ಬಿಡಿಸಿ, ಅಂಗಾಲಿನ ಕೆಳಗೆ ಹಾಳೆ ತೂರಿಸುವುದು. ಅದು ಆ ಕಡೆಯಿಂದ ಸಲೀಸಾಗಿ ಹೊರಬಂದರೆ, ನಡಿ ಸ್ಟೇಷನ್ನಿಗೆ.

ಈ ಕಾನೂನನ್ನು ನಮ್ಮವರು ತಲೆ ಓಡಿಸಿ ಬರೆದದ್ದಲ್ಲ. ಇನ್ಯಾವುದೋ ಊರಿನ ಅಫೀಮಿನ ಕಾನೂನನ್ನು ತಂದು, ಅಫೀಮು ಎಂದಿದ್ದಲ್ಲೆಲ್ಲ ಗಾಳಿಬೇರು ಎಂದು ತಿದ್ದಿ ಅಚ್ಚು ಹಾಕಿಸಿದರು. ಹತ್ತು ಗ್ರಾಮಿನೊಳಗೆ ಸಿಕ್ಕರೆ ಅಲ್ಪ ಪ್ರಮಾಣ, ದಂಡ ಕಟ್ಟಿ ಮನೆಗೆ ಹೋಗಬಹುದು. ಒಂದು ಕಿಲೋ ದಾಟಿದರೆ ವ್ಯಾಪಾರದ ಪ್ರಮಾಣ, ಹತ್ತು ವರ್ಷ ಜೈಲು, ಜಾಮೀನೂ ಇಲ್ಲ. ಪುಡಿಯನ್ನು ಬೇರೆ ಯಾವುದರಲ್ಲಾದರೂ ಬೆರೆಸಿದ್ದರೆ, ಬೆರೆಸಿದ್ದೆಲ್ಲವನ್ನೂ ಪುಡಿಯೆಂದೇ ತೂಗಬೇಕು. ನಕಲು ಹೊಡೆದ ಮಹಾನುಭಾವರು ಒಂದನ್ನು ಮರೆತರು. ಅಪ್ಪಟ ಗಾಳಿಬೇರನ್ನು ತಕ್ಕಡಿಗೆ ಹಾಕಿದರೆ ತಟ್ಟೆ ಕೆಳಗೆ ಬರುವುದಿಲ್ಲ, ಮೇಲೆ ಹೋಗುತ್ತದೆ. ಗೋಡೌನ್ ರತ್ನಾಕರನ ಹತ್ತಿರ ಮೂರು ಮೂಟೆ ಅಪ್ಪಟ ಪುಡಿ ಹಿಡಿದಾಗ ಮೂಟೆಗಳು ಕೋರ್ಟಿನ ಸೂರಿಗೆ ಹೋಗಿ ಅಂಟಿಕೊಂಡವು. ತೂಕ ಸೊನ್ನೆಗಿಂತ ಕಡಿಮೆ. ಅಷ್ಟಕ್ಕೆ ಎಷ್ಟು ಶಿಕ್ಷೆ ಎಂದು ಪುಸ್ತಕದಲ್ಲಿ ಇಲ್ಲ. ರತ್ನಾಕರ ಹಾರ ಹಾಕಿಸಿಕೊಂಡು ಮನೆಗೆ ಹೋದ. ಅದೇ ವಾರ, ಕಜ್ಜಾಯದ ಹಿಟ್ಟಿಗೆ ಒಂದು ಚಿಟಿಕೆ ಬೆರೆಸಿದ್ದ ಮುದುಕನೊಬ್ಬ ಎರಡು ಕಿಲೋ ಕಜ್ಜಾಯದ ತೂಕದ ಮೇಲೆ ಒಳಗೆ ಹೋದ. ಅವನ ಮಹಜರಿಗೂ ನನ್ನದೇ ಸಹಿ. ಆಗ ನನಗೆ ಏನೂ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ.

ಸಹಿ ಹಾಕುವುದೂ ಒಂದು ಕೆಲಸವೇ. ಮೊದಮೊದಲು ಪ್ರತಿ ದಾಳಿಗೂ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಒಂದು ದಿನ ಎಸ್‌ಐ ವಿರೂಪಾಕ್ಷಿಯವರ ಖಾಕಿ ಪ್ಯಾಂಟನ್ನು ಮೇಜಿನ ಮೇಲೆ ಹರಡಿ ಇಸ್ತ್ರಿ ಇಟ್ಟಿದ್ದೆ, ಅಷ್ಟರಲ್ಲಿ ಸಹಿಗೆ ಕೂಗಿದರು. ಓಡಿದೆ. ಬರುವಷ್ಟರಲ್ಲಿ ಪ್ಯಾಂಟಿನ ಹಿಂಭಾಗದಲ್ಲಿ ಇಸ್ತ್ರಿಪೆಟ್ಟಿಗೆಯ ಆಕಾರದ ತೂತು. ವಿರೂಪಾಕ್ಷಿಯವರು ಆ ತೂತಿನೊಳಗಿಂದ ನನ್ನನ್ನೇ ನೋಡಿ, ನಿನ್ನನ್ನು ಕರೆದುಕೊಂಡು ಹೋಗಿ ನನಗೆ ಇದು ಲಾಭವೇ ಎಂದು ಕೇಳಿದರು. ಅವತ್ತೇ ಒಂದು ಉಪಾಯವಾಯಿತು. ಐವತ್ತು ಖಾಲಿ ಹಾಳೆ ತಂದರು, ಐವತ್ತಕ್ಕೂ ಕೆಳಗೆ ಸಹಿ ಹಾಕಿಸಿಕೊಂಡರು. ಮುಗಿದಾಗ ಇನ್ನೈವತ್ತು. ಹೀಗೆ ಆರು ವರ್ಷ. ನಾನು ಅಂಗಡಿಯಲ್ಲಿ ಕಾಲರಿನ ಸುಕ್ಕು ತೆಗೆಯುತ್ತಿದ್ದಾಗ ಊರಿನ ಆ ತುದಿಯಲ್ಲಿ ಪಂಚನಾಗಿ ನಿಂತಿರುತ್ತಿದ್ದೆ. ಒಂದು ಸೋಮವಾರ ಒಂದೇ ಹೊತ್ತಿಗೆ ಎರಡು ಬೀದಿಯಲ್ಲಿದ್ದೆನಂತೆ. ದೇವರಿಗೂ ಆಗದ್ದು ಮಾಚಣ್ಣನಿಗೆ ಆಗುತ್ತದೆ ಎಂದು ಜನ ನಗಾಡಿದರು, ನಾನೂ ನಕ್ಕೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಗಿರಾಕಿ ನಾನು. ಬದಲಿಗೆ ಸ್ಟೇಷನ್ನಿನ ಬಟ್ಟೆಯೆಲ್ಲ ನನ್ನ ಅಂಗಡಿಗೇ ಬರುತ್ತಿತ್ತು.

ನನಗೆ ಒಬ್ಬಳೇ ಅಕ್ಕ, ಸಣ್ಣೀರಮ್ಮ. ಎಂಟು ವರ್ಷದ ಹಿಂದೆ, ಭಾವ ತೀರಿಕೊಂಡ ಮೇಲೆ, ಅವಳು ಗುಡ್ಡದ ಮೇಲಿನ ಮೆಟ್ಟಿಲು ಓಣಿಯಲ್ಲಿ ಮನೆ ಹಿಡಿದಳು. ಬೀದಿಯಿಂದ ನೂರಾ ಹನ್ನೆರಡು ಮೆಟ್ಟಿಲು. ಅವಳು ಸಾಮಾನು ಸಾಗಿಸಿದ ದಿನ ನಾನು ಮಧ್ಯದ ಕಟ್ಟೆಯವರೆಗೆ ಹೋಗಿ, ಕೈಯಲ್ಲಿದ್ದ ಪೆಟ್ಟಿಗೆಯನ್ನು ಹಮಾಲಿಗೆ ಕೊಟ್ಟು, ಅಂಗಡಿಯಲ್ಲಿ ಕೆಂಡ ಆರುತ್ತದೆ ಎಂದು ಹೇಳಿ ಇಳಿದುಬಿಟ್ಟೆ. ಆಮೇಲೆ ಹೋಗುವ ಅಗತ್ಯವೇ ಬೀಳಲಿಲ್ಲ. ಅವಳೇ ಪ್ರತಿ ಶುಕ್ರವಾರ ಕ್ಯಾರಿಯರಿನಲ್ಲಿ ಊಟ ತರುತ್ತಿದ್ದಳು. ಮುದ್ದೆ, ಸೊಪ್ಪಿನ ಸಾರು, ಮೇಲೆ ಒಂದು ಹೋಳು ಮಾವಿನ ಉಪ್ಪಿನಕಾಯಿ. ನಾನು ಹೆಂಡತಿ ಇಲ್ಲದವನು, ಅವಳು ಗಂಡ ಇಲ್ಲದವಳು. ಅಂಗಡಿಯ ಬೆಂಚಿನ ಮೇಲೆ ಕೂತು ನಾನು ಉಣ್ಣುವುದನ್ನು ನೋಡಿ, ಖಾಲಿ ಬಟ್ಟಲು ತೊಳೆದುಕೊಂಡು ಹೋಗುತ್ತಿದ್ದಳು. ಮಂಡಿ ನೋವು ಎನ್ನುತ್ತಿದ್ದಳು. ಎಣ್ಣೆ ಹಚ್ಚು ಎನ್ನುತ್ತಿದ್ದೆ. ಗಾಳಿಬೇರನ್ನು ಔಷಧಿಯಾಗಿ ಇಟ್ಟುಕೊಳ್ಳಲು ಪರವಾನಗಿ ಸಿಗುತ್ತದೆ, ಮಂಡಿ ನೋವಿನವರಿಗೆಂದೇ ಇರುವ ಕಾಯಿದೆ. ಅದನ್ನು ಬರೆದುಕೊಡುವ ಡಾಕ್ಟರು ಮೂರನೇ ಮಹಡಿಯಲ್ಲಿ ಕೂರುತ್ತಾರೆ, ಲಿಫ್ಟು ಇಲ್ಲ. ಅಕ್ಕ ಎರಡು ಸಲ ಮೊದಲನೇ ಮಹಡಿಯವರೆಗೆ ಹೋಗಿ ವಾಪಸು ಬಂದಿದ್ದಳಂತೆ.

ಈ ಸಲದ ಚೈತ್ರದಲ್ಲಿ ಒಂದು ಶುಕ್ರವಾರ ಹನ್ನೆರಡೂವರೆಯಾದರೂ ಊಟ ಬರಲಿಲ್ಲ. ಹೊಟ್ಟೆ ಚುರುಗುಟ್ಟಿ, ಈ ಅಕ್ಕನಿಗೆ ಹೊತ್ತುಗೊತ್ತು ಇಲ್ಲವೇ ಎಂದು ನಾನು ಬೈದುಕೊಳ್ಳುತ್ತಿದ್ದಾಗ ಎದುರಿನ ಸ್ಟೇಷನ್ನಿಗೆ ಮೂರು ಪೇದೆಗಳು ಬಂದರು. ಒಬ್ಬನ ತಲೆಯ ಮೇಲೆ ಹದಿನಾಲ್ಕು ಕಿಲೋದ ಉಪ್ಪಿನಕಾಯಿ ಭರಣಿ. ಹಿಂದೆ, ಕೈಯಲ್ಲಿ ಕ್ಯಾರಿಯರ್ ಹಿಡಿದುಕೊಂಡು ಅಕ್ಕ. ಮೂವತ್ತನೇ ಮೆಟ್ಟಿಲಿನ ಹತ್ತಿರ ನಿಲ್ಲಿಸಿ ಹಾಳೆ ತೂರಿಸಿದ್ದರಂತೆ. ಅವಳ ಪಾದ ನೆಲಕ್ಕೆ ತಾಗಿಯೇ ಇತ್ತು, ಆದರೆ ಭಾರ ಊರಿರಲಿಲ್ಲ. ಹಾಳೆ ಸ್ವಲ್ಪ ಉಜ್ಜಿಕೊಂಡೇ ಆಚೆ ಬಂತು. ಕೂಡಲೇ ಅವಳನ್ನು ಮತ್ತೆ ಮೇಲೆ ಹತ್ತಿಸಿ ಮನೆ ಶೋಧಿಸಿದರಂತೆ. ಒಂದು ಭರಣಿ ಉಪ್ಪಿನಕಾಯಿಗೆ ಒಂದೇ ಚಿಟಿಕೆ ಬೆರೆಸಿಟ್ಟು, ಮೆಟ್ಟಿಲು ಇಳಿಯುವ ದಿನ ಒಂದು ಹೋಳು ತಿನ್ನುತ್ತಿದ್ದಳು, ಮಂಡಿಯ ಮೇಲಿನ ಭಾರ ಇಳಿಯುವಷ್ಟು. ಮಾವಿನಕಾಯಿ, ಉಪ್ಪು, ಖಾರ, ಎಣ್ಣೆ ಎಲ್ಲ ಸೇರಿ ಹದಿನಾಲ್ಕು ಕಿಲೋ ಗಾಳಿಬೇರು ಎಂದು ಬರೆದಾಗಿತ್ತು. ನಾನು ರಸ್ತೆ ದಾಟಿ ಓಡಿದೆ. ಅಕ್ಕ ಕ್ಯಾರಿಯರನ್ನು ನನ್ನ ಕೈಗೆ ಕೊಟ್ಟು, “ಆರೋಗ್ತದೆ, ಮೊದ್ಲು ಉಣ್ಣು” ಎಂದಳು. ಎಂಥ ಹೆಂಗಸಪ್ಪ ಇವಳು ಎಂದು ನನಗೆ ಅಳು ಬಂತು.

ವಿರೂಪಾಕ್ಷಿಯವರ ಮೇಜಿಗೆ ಹೋಗಿ ಗುದ್ದಿದೆ. ಆರು ವರ್ಷದ ಸಲಿಗೆ, ಬಾಯಿ ಹರಿಯಬಿಟ್ಟೆ. ಬಡ ಹೆಂಗಸಿನ ಉಪ್ಪಿನಕಾಯಿ ಹಿಡಿಯಲು ನಾಚಿಕೆಯಾಗುವುದಿಲ್ಲವೇ ಎಂದೆ. ರತ್ನಾಕರನ ಮೂಟೆ ಇನ್ನೂ ಕೋರ್ಟಿನ ಸೂರಿನಲ್ಲಿದೆ, ಮೊದಲು ಅದನ್ನು ಇಳಿಸಿ ಎಂದೆ. ಅವರು ಫೈಲು ಹುಡುಕತೊಡಗಿದರು. ಕೊನೆಗೆ ನಾನು, “ನಮ್ಮಕ್ಕನ ಮನೆಗೆ ನುಗ್ಗಿದಾಗ ಪಂಚ ಅಂತ ನಿಂತ್ಕೊಂಡ ಆ ಬೇವರ್ಸಿ ಯಾರು ಸಾರ್?” ಎಂದೆ.

ಅವರು ಮಹಜರನ್ನು ನನ್ನ ಕಡೆಗೆ ತಿರುಗಿಸಿಟ್ಟರು. “ನೀನೇ ಕಣಯ್ಯ. ಬೆಳಿಗ್ಗೆ ಹತ್ತೂಕಾಲಿಗೆ ಅಲ್ಲೇ ಇದ್ದೆ.”

ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಸಹಿ ನನ್ನದೇ. ಮಾ ಅಕ್ಷರಕ್ಕೆ ನಾನು ಕೊಡುವ ಬಾಲ ಕೂಡ ಹಾಗೇ ಇತ್ತು. ವಿರೂಪಾಕ್ಷಿಯವರು ನನಗೆ ಕುರ್ಚಿ ಕೊಟ್ಟು ಕೂರಿಸಿ ಸಮಾಧಾನದಿಂದಲೇ ಹೇಳಿದರು. ಅವಳು ನನ್ನ ಅಕ್ಕನೆಂದು ಅವರಿಗೆ ಗೊತ್ತಿರಲಿಲ್ಲವಂತೆ, ಗೊತ್ತಾಗುವಷ್ಟರಲ್ಲಿ ಹಾಳೆ ತುಂಬಿಸಿ ಅರಗಿನ ಮುದ್ರೆ ಹಾಕಿಯಾಗಿತ್ತಂತೆ. ಈಗ ನಾನು ಅಲ್ಲಿರಲಿಲ್ಲ ಎಂದು ಕೋರ್ಟಿನಲ್ಲಿ ಹೇಳಿದರೆ ಸುಳ್ಳು ಮಹಜರಿಗೆ ಸಹಿ ಹಾಕಿದ್ದಕ್ಕೆ ನನಗೇ ಮೂರು ವರ್ಷ. ಅದೂ ಒಂದಕ್ಕಲ್ಲ, ಇನ್ನೂರು ಚಿಲ್ಲರೆ ಮಹಜರಿಗೆ. ಬಾಯಿ ಮುಚ್ಚಿಕೊಂಡಿದ್ದರೆ ಅಕ್ಕನಿಗೆ ವಯಸ್ಸಾಗಿದೆ, ಒಳ್ಳೆಯ ನಡತೆ ಅಂತ ಎಂಟು ವರ್ಷಕ್ಕೆ ಬಿಟ್ಟಾರು. ಅಕ್ಕನಿಗೆ ಈಗಲೇ ಅರವತ್ತಮೂರು.

ಲಾಯರ್ ಜುಲೇಖಾಬಾನು ಅವರ ಹತ್ತಿರ ಹೋದೆ. ಅವರ ಕೋಟಿಗೆ ಹದಿನೈದು ವರ್ಷದಿಂದ ಇಸ್ತ್ರಿ ಹಾಕಿದವನು ನಾನೇ. ಅವರು ಬೆರಳು ಮಡಿಸಿ ಮೂರು ಮಾತು ಹೇಳಿದರು. ಇಂಥ ಕೇಸಿನಲ್ಲಿ ಮೊದಲು ನೋಡುವುದು ಮಾಲು ಯಾರ ವಶದಲ್ಲಿತ್ತು ಎನ್ನುವುದು. ಕೈಯಲ್ಲೇ ಇರಬೇಕೆಂದಿಲ್ಲ, ಬೀಗದ ಕೈ ಸೊಂಟದಲ್ಲಿದ್ದರೂ ಸಾಕು. ಎರಡನೆಯದು, ಅದು ಇರುವುದು ಅವರಿಗೆ ಗೊತ್ತಿತ್ತೇ. ಮೂರನೆಯದು, ಎಷ್ಟಿತ್ತು. ಯಾರೋ ತಂದು ಹಾಕಿದ್ದಾರೆ, ನನಗೆ ಗೊತ್ತಿಲ್ಲ ಎಂದು ಹೇಳಿಸಿದರೆ ದಾರಿ ಇದೆ ಎಂದರು. ಇಬ್ಬರೂ ಜೈಲಿಗೆ ಹೋಗಿ ಅಕ್ಕನಿಗೆ ಹೇಳಿದೆವು. ಅವಳು ಒಪ್ಪಲಿಲ್ಲ. ಭರಣಿ ನನ್ನದು, ಮಾವಿನಕಾಯಿ ಹೆಚ್ಚಿದವಳು ನಾನು, ಪುಡಿ ಹಾಕಿದವಳು ನಾನು, ಇನ್ನು ಪಕ್ಕದ ಮನೆ ಬೆಕ್ಕು ಬಂದು ಹಾಕಿತು ಅನ್ನಲೇ ಎಂದು ಲಾಯರಮ್ಮನನ್ನೇ ಕೇಳಿದಳು. ಒಂದು ಚಿಟಿಕೆ ಹಾಕಿದ್ದಕ್ಕೆ ಒಂದು ಚಿಟಿಕೆಯಷ್ಟು ಶಿಕ್ಷೆ ಕೊಡಲಿ, ಎಣ್ಣೆಗೂ ಸಾಸಿವೆಗೂ ಯಾಕೆ ಕೊಡುತ್ತಾರೆ ಎಂದಳು. ಒಂದು ಮೂಟೆ ಹಾಕಿದ್ದರೆ ಇವತ್ತು ಮನೆಯಲ್ಲಿರುತ್ತಿದ್ದೆ ಅಕ್ಕ ಎಂದು ಲಾಯರಮ್ಮ ನಿಟ್ಟುಸಿರು ಬಿಟ್ಟರು. ಪಂಚ ಯಾರಂತೆ ಎಂದು ಅಕ್ಕ ನನ್ನ ಮುಖ ನೋಡಿದಳು. ಯಾರೋ ಒಬ್ಬ ಎಂದೆ. ಅಷ್ಟು ಧೈರ್ಯ ನನಗೆ ಇರಲಿಲ್ಲ.

ಹೊರಗೆ ಬಂದಮೇಲೆ ಲಾಯರಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಅವರು ಮತ್ತೆ ಬೆರಳು ಮಡಿಸಿದರು. ಮಹಜರು ಸುಳ್ಳೆಂದಾದರೆ ಜಪ್ತಿಯೇ ನಿಲ್ಲುವುದಿಲ್ಲ, ಜಪ್ತಿ ನಿಲ್ಲದಿದ್ದರೆ ಕೇಸೇ ಇಲ್ಲ. ಆದರೆ ಸಹಿ ನನ್ನದು, ಅಕ್ಕ ನನ್ನವಳು. ಅವಳನ್ನು ಉಳಿಸಲು ಸುಳ್ಳು ಹೇಳುತ್ತಿದ್ದೀರಿ ಅಂತಾರೆ, ಒಬ್ಬರೂ ನಂಬುವುದಿಲ್ಲ ಎಂದರು. ನಿಜ ಹೇಳಲು ನಾನು ತಯಾರು ಎಂದೆ. ಮೂರು ವರ್ಷ ಎಂದು ಅವರು ನೆನಪಿಸಿದರು. ಗೊತ್ತು ಎಂದೆ. ಮನೆಗೆ ಬಂದು ಎರಡು ದಿನ ಭೇದಿ. ಧೈರ್ಯದ ಮಾತು ಆಡುವುದು ಸುಲಭ, ಹೊಟ್ಟೆಗೆ ಅದು ತಿಳಿಯಬೇಕಲ್ಲ.

ವಿಚಾರಣೆಯ ದಿನ ಕೋರ್ಟು ಕಿಕ್ಕಿರಿದಿತ್ತು. ನನ್ನ ಸಹಿಯಿಂದ ಒಳಗೆ ಹೋದವರ ಹೆಂಡತಿ ಮಕ್ಕಳು ಕೂಡ ಹಿಂದಿನ ಬೆಂಚುಗಳಲ್ಲಿ ಕೂತಿದ್ದರು, ಯಾರು ಸುದ್ದಿ ಮುಟ್ಟಿಸಿದರೋ. ಮೇಲೆ ಸೂರಿನಲ್ಲಿ ರತ್ನಾಕರನ ಮೂಟೆಗಳು. ಮೊದಲನೇ ಸಾಕ್ಷಿ, ಪಂಚ ಮಾಚಣ್ಣ ಎಂದು ಕೂಗಿದರು. ನಾನು ಎದ್ದು ನಿಂತಾಗ ಎದುರು ಕಟಕಟೆಯಲ್ಲಿದ್ದ ಅಕ್ಕ ನನ್ನ ಮುಖವನ್ನು ನೋಡಿದಳು, ಆಮೇಲೆ ಕೆಳಗೆ ನೋಡಿದಳು. ಅವಳಿಗೆ ಗೊತ್ತಾದದ್ದು ಆಗಲೇ. ಬೇರೆ ಯಾರಾದರೂ ಹೇಳಿ ತಿಳಿದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಸರ್ಕಾರಿ ವಕೀಲರು ಕೇಳಿದ್ದಕ್ಕೆ ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅಲ್ಲಿರಲಿಲ್ಲ, ಖಾಲಿ ಹಾಳೆಗೆ ಸಹಿ ಹಾಕಿದ್ದೆ. ಹಿಂದಿನ ಬೆಂಚುಗಳಲ್ಲಿ ಗುಜುಗುಜು ಎದ್ದಿತು. ವಕೀಲರಿಗೆ ಸಿಟ್ಟೂ ಬರಲಿಲ್ಲ. ಸಹಿ ನಿಮ್ಮದೇ ಅಲ್ಲವೇ, ಹೌದು. ಆರೋಪಿ ನಿಮ್ಮ ಒಡಹುಟ್ಟಿದ ಅಕ್ಕ ಅಲ್ಲವೇ, ಹೌದು. ಎಂಟು ವರ್ಷದಿಂದ ಪ್ರತಿ ವಾರ ಅವರ ಕೈಯ ಊಟ ಅಲ್ಲವೇ, ಹೌದು. ಉಪ್ಪು ತಿಂದ ಮನೆಗೆ ಎರಡು ಬಗೆಯುವವರು ಯಾರಿದ್ದಾರೆ ಎಂದು ನಕ್ಕು ಕೂತುಬಿಟ್ಟರು. ನ್ಯಾಯಾಧೀಶರೂ ಪೆನ್ನು ಕೆಳಗಿಟ್ಟು ಸುಳ್ಳುಗಾರನನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಹುಟ್ಟಿದ ಮೇಲೆ ಒಂದು ಸಲ ನಿಜ ಹೇಳಿದೆ, ಅದನ್ನೂ ನಂಬುವವರಿಲ್ಲ.

ಆಗ ಜುಲೇಖಾಬಾನು ಎದ್ದರು. ಏನು ಕೇಳುತ್ತಾರೆಂದು ನನಗೆ ಮೊದಲೇ ಹೇಳಿಕೊಟ್ಟಿರಲಿಲ್ಲ. “ಮಾಚಣ್ಣ, ನಿಮ್ಮಕ್ಕನ ಮನೆ ಬಾಗ್ಲು ಯಾವ ಬಣ್ಣ?” ಎಂದರು.

ಇಡೀ ಊರು ಕೂತಿದೆ. ಒಡಹುಟ್ಟಿದವಳ ಮನೆಯ ಬಾಗಿಲು ಗೊತ್ತಿಲ್ಲ ಎಂದು ಯಾವ ಗಂಡಸು ಹೇಳುತ್ತಾನೆ? ಕೇಸು, ಜೈಲು ಎಲ್ಲ ಆ ಗಳಿಗೆಯಲ್ಲಿ ಮರೆತುಹೋಯಿತು. ಎದೆ ಸೆಟೆಸಿಕೊಂಡು ಹಸಿರು ಎಂದೆ. ಅಡುಗೆಮನೆ ಯಾವ ಕಡೆ ಎಂದರು. ಎಡಗಡೆ, ಎಲ್ಲರ ಮನೆಯ ಹಾಗೆ ಎಂದೆ. ಭರಣಿ ಎಲ್ಲಿಡುತ್ತಾರೆ ಎಂದರು. ಅಡುಗೆಮನೆಯ ಅಟ್ಟದ ಮೇಲೆ ಎಂದೆ. ಅಕ್ಕ ಎಲ್ಲಿ ಮಲಗುತ್ತಾರೆ ಎಂದರು. ಒಳಗಿನ ಕೋಣೆಯಲ್ಲಿ, ಕಿಟಕಿ ಪಕ್ಕ, ಗಾಳಿ ಚೆನ್ನಾಗಿ ಬರುತ್ತದೆ ಎಂದು ಕೇಳದೇ ಇದ್ದದ್ದನ್ನೂ ಸೇರಿಸಿದೆ. ವಿರೂಪಾಕ್ಷಿಯವರು ತಲೆಯ ಮೇಲೆ ಕೈ ಇಟ್ಟುಕೊಂಡದ್ದು ಕಾಣಿಸಿತು. ಯಾಕೆಂದು ಗೊತ್ತಾಗಲಿಲ್ಲ.

ಲಾಯರಮ್ಮ ಮಹಜರನ್ನು ಓದಬೇಕೆಂದು ನ್ಯಾಯಾಧೀಶರಲ್ಲಿ ಕೇಳಿಕೊಂಡರು. ಅವರು ಕನ್ನಡಕ ಏರಿಸಿ, ನನ್ನ ಸಹಿಯಿದ್ದ ಹಾಳೆಯನ್ನು ಮೊದಲ ಸಲ ನನಗೆ ಓದಿ ಹೇಳಿದರು. ಸದರಿ ಮನೆಗೆ ಒಂದೇ ಕೋಣೆ. ಬಾಗಿಲಿಗೆ ಬಣ್ಣ ಬಳಿದಿರುವುದಿಲ್ಲ. ಕಿಟಕಿ ಇರುವುದಿಲ್ಲ. ಪ್ರತ್ಯೇಕ ಅಡುಗೆಮನೆ ಇರುವುದಿಲ್ಲ. ನೆಲದ ಮೇಲೆ ಸೀಮೆಎಣ್ಣೆ ಸ್ಟವ್ ಒಂದು, ಚಾಪೆ ಒಂದು, ತಟ್ಟೆ ಎರಡು, ಸೀರೆ ನಾಲ್ಕು. ಚಾಪೆಯ ತಲೆದಿಕ್ಕಿನಲ್ಲಿ ಭರಣಿ. ಆರೋಪಿಯ ಕೈಯಲ್ಲಿ ಊಟ ತುಂಬಿದ ಕ್ಯಾರಿಯರ್ ಒಂದು.

ಅಷ್ಟು ಉದ್ದದ ಪಟ್ಟಿಯಲ್ಲಿ ನನಗೆ ಗುರುತು ಸಿಕ್ಕಿದ್ದು ಆ ಕ್ಯಾರಿಯರ್ ಒಂದೇ. ಕೋರ್ಟಿನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ಕಿವಿ ಬಿಸಿಯಾಯಿತು, ಕಟಕಟೆಯ ಕಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮೂರು ವರ್ಷವಲ್ಲ, ಮೂವತ್ತು ವರ್ಷ ಬೇಕಾದರೂ ಕೊಡಿ, ಇಲ್ಲಿಂದ ಮೊದಲು ಕೆಳಗಿಳಿಸಿ ಎಂದು ಕೂಗಬೇಕು ಅನ್ನಿಸಿತು. ನ್ಯಾಯಾಧೀಶರು ನನ್ನನ್ನು ತುಸು ಹೊತ್ತು ನೋಡಿ, ಅಕ್ಕನ ಕಡೆಗೆ ತಿರುಗಿ, ನಿಮ್ಮ ತಮ್ಮ ನಿಮ್ಮ ಮನೆಗೆ ಬಂದು ಎಷ್ಟು ದಿನವಾಯಿತಮ್ಮ ಎಂದು ಕೇಳಿದರು.

“ಬಂದಿಲ್ಲ ಸ್ವಾಮಿ,” ಎಂದಳು ಅಕ್ಕ. “ಅವನಿಗೆ ಅಂಗಡಿ ಕೆಲಸ ಜಾಸ್ತಿ.”

ಅಷ್ಟಾದಮೇಲೂ ನನ್ನ ಪರವಾಗಿಯೇ ಮಾತಾಡಿದಳು ನೋಡಿ. ನ್ಯಾಯಾಧೀಶರು ಮಧ್ಯಾಹ್ನದೊಳಗೆ ತೀರ್ಪು ಬರೆದರು. ಸಾಕ್ಷಿಯ ಮುಖದಲ್ಲಿ ಕಂಡ ಅವಮಾನವನ್ನು ಯಾವ ನಟನೂ ನಟಿಸಲಾರ, ಈತ ಆ ಮನೆಗೆ ಎಂದೂ ಕಾಲಿಟ್ಟಿಲ್ಲವೆಂದು ನ್ಯಾಯಾಲಯಕ್ಕೆ ಮನವರಿಕೆಯಾಗಿದೆ ಎಂದು ಅದರಲ್ಲಿತ್ತು. ಮಹಜರು ಬಿದ್ದುಹೋಯಿತು, ಅಕ್ಕ ಬಿಡುಗಡೆಯಾದಳು. ವಿರೂಪಾಕ್ಷಿಯವರನ್ನು ಇನ್ನೂ ದೊಡ್ಡ ಸ್ಟೇಷನ್ನಿಗೆ ವರ್ಗ ಮಾಡಿದರು, ನಮ್ಮಲ್ಲಿ ಶಿಕ್ಷೆ ಎಂದರೆ ಹಾಗೆ. ನನ್ನ ಸಹಿಯ ಹಳೇ ಕೇಸುಗಳನ್ನೆಲ್ಲ ಮತ್ತೆ ತೆರೆಯಬೇಕೆಂದು ಆದೇಶವಾಯಿತು. ಕಜ್ಜಾಯದ ಮುದುಕನ ಸೊಸೆ ನನ್ನ ಹತ್ತಿರ ಬಂದು, ಮಾವನ ಕೇಸಿನ ನಂಬರು ಬರೆದ ಚೀಟಿಯನ್ನು ಕೈಗಿಟ್ಟು ಹೋದಳು. ನನ್ನ ಮೇಲೆ ಕೇಸು ದಾಖಲಾಗಿದೆ. ಲಾಯರಮ್ಮ ಸಂಜೆಯೊಳಗೆ ಜಾಮೀನು ಕೊಡಿಸಿದರು. ಮುಂದಿನ ತಿಂಗಳು ಹಾಜರಾಗಬೇಕು, ಒಳಗೆ ಹೋಗುವುದು ಬಹುತೇಕ ಖಂಡಿತ.

ಹೊರಗೆ ಬಂದು ನೋಡಿದರೆ ಅಕ್ಕ ಆಗಲೇ ರಸ್ತೆಯಲ್ಲಿದ್ದಳು. ನಾನು ಹಿಂದೆಯೇ ಹೋದೆ. ಬಾ ಎನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ಮೆಟ್ಟಿಲು ಶುರುವಾಯಿತು. ಉಪ್ಪಿನಕಾಯಿ ಇಲ್ಲದೆ ಅವಳು ಹತ್ತುವುದನ್ನು ನಾನು ನೋಡಿದ್ದು ಅವತ್ತೇ. ಒಂದು ಮೆಟ್ಟಿಲಿಗೆ ಎರಡೂ ಕಾಲು ಇಟ್ಟು, ಗೋಡೆ ಹಿಡಿದು, ಹತ್ತಕ್ಕೊಮ್ಮೆ ಕೂತು ಮಂಡಿ ನೀವಿಕೊಂಡು. ಈ ಮಂಡಿಯಲ್ಲಿ ಎಂಟು ವರ್ಷ ಇಳಿದು ಬಂದು ನನಗೆ ಊಟ ಕೊಟ್ಟು ಮತ್ತೆ ಹತ್ತಿದ್ದಾಳೆ. ಅವಳು ಆ ಪುಡಿ ತಿಂದದ್ದೇ ನನ್ನ ಹೊಟ್ಟೆಗಾಗಿ. ಹೇಗೆ ಹೇಳುವುದು, ಎಲ್ಲಿಂದ ಶುರು ಮಾಡುವುದು? ಎತ್ತಿಕೊಳ್ಳಲೇ ಅಕ್ಕ ಎಂದೆ. ನಿನ್ನ ಸೊಂಟ ಮುರಿದರೆ ಜೈಲಿನಲ್ಲಿ ಎಣ್ಣೆ ಹಚ್ಚುವವರು ಯಾರು ಎಂದಳು. ಅವಳು ಹತ್ತಿದ ಹಾಗೆಯೇ ನಾನೂ ಹತ್ತಿದೆ, ಅವಳು ಕೂತಲ್ಲಿ ಕೂತೆ.

ತುದಿಗೆ ಬರುವಾಗ ಬಿಸಿಲು ಇಳಿದಿತ್ತು. ಬಣ್ಣವಿಲ್ಲದ ಬಾಗಿಲನ್ನು ತೆಗೆದು ಅಕ್ಕ ಒಳಗೆ ಹೋದಳು. ಹಿಂದೆಯೇ ನುಗ್ಗಿದ ನನ್ನ ಹಣೆಗೆ ಮೇಲಿನ ಚೌಕಟ್ಟು ಪಟ್ಟೆಂದು ಬಡಿಯಿತು. ಕಣ್ಣು ಕತ್ತಲಿಟ್ಟು ಅಲ್ಲೇ ನಿಂತೆ.

ಅಕ್ಕ ತಿರುಗಿ ನೋಡಲಿಲ್ಲ. ಸ್ಟವ್ ಹತ್ತಿರ ಕೂತು ಬೆಂಕಿಪೆಟ್ಟಿಗೆ ಹುಡುಕುತ್ತಾ, “ಬಂದು ಹೋಗಿ ಮಾಡೋರಿಗೆ ಗೊತ್ತಿರ್ತದೆ ಕಣೋ,” ಎಂದಳು. “ಅವರು ಬಗ್ಗಿ ಬರ್ತಾರೆ.”

ನಾನು ಬಗ್ಗಿ ಒಳಗೆ ಹೋದೆ.